‘ಯವನ’ರೆಂದರೆ ಯಾರು?

ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರಿಗೆಲ್ಲ ‘ಯವನ’ ಎಂಬ ಶಬ್ದ ಪರಿಚಿತವೇ. ಅಶೋಕನ ಪಾಠದಲ್ಲಿ ಯವನನೆಂದರೆ ಗ್ರೀಕ; ಹಳೆಯ ಐತಿಹಾಸಿಕ ನಾಟಕ, ಕಾದಂಬರಿಗಳಲ್ಲಿ ಯವನನೆಂದರೆ ಮುಸಲ್ಮಾನ. ಒಂದೇ ಹೆಸರು ಇಬ್ಬರಿಗೆ ಸಂದುದು ಹೇಗೆ? ಇದನ್ನು ಕೊಂಚ ವಿಚಾರಿಸುವುದು ಅವಶ್ಯವೆಂದು ನನಗೆ ತೋರುತ್ತದೆ.

ಏಷ್ಯಾ ಮೈನರಿನ ಪಶ್ಚಿಮ ಕರಾವಳಿಯಲ್ಲಿ, ಎಂದರೆ ಇಂದಿನ ತುರ್ಕಿಯಲ್ಲಿ, ಅಯೋನಿಯಾ ಎಂಬ ಗ್ರೀಕರ ನಾಡಿತ್ತು. ಪಾರಸಿಕರಿಗೆ ನೆರೆಯವರಾದ ಗ್ರೀಕರು ಇವರೇ ಆದುದರಿಂದ ಅವರು ಸಮಸ್ತ ಗ್ರೀಕರನ್ನೂ ‘ಯೌನ’ರೆಂದರು. ಕ್ರಿ. ಪೂ. 520ರ ಸುಮಾರಿನ, ಡೇರಿಯಸ್ ದೊರೆಯ ಬೆಹಿಸ್ತೂನ್ ಶಾಸನದಲ್ಲಿ ಈ ಹೆಸರಿದೆ. ನಮ್ಮಲ್ಲಿ ಅದು ಪ್ರಾಕೃತದಲ್ಲಿ ‘ಯೋನ’, ಸಂಸ್ಕೃತದಲ್ಲಿ ‘ಯವನ’ವಾಯಿತು. ಪಾಣಿನಿಗೆ ಈ ಶಬ್ದ ಗೊತ್ತಿತ್ತು. ಅಶೋಕನ ಹದಿಮೂರನೆಯ ಬಂಡೆಗಲ್ಲು ಶಾಸನ ಅಂತಿಯೋಕನನ್ನು ಯೋನರಾಜನೆಂದು ಕರೆಯುತ್ತದೆ.

ನಮ್ಮ ಪೂರ್ವಿಕರು ಬೇರೆ ಉತ್ಪತ್ತಿಗಳನ್ನೂ ಹೇಳಿದ್ದಾರೆ. ಮಹಾಭಾರತದಲ್ಲಿ ಯವನರು ಯಯಾತಿಯ ಮಗ ತುರ್ವಸುವಿನ ಸಂತತಿ. ರಾಮಾಯಣದಲ್ಲಿ ವಸಿಷ್ಠರ ಧೇನುವಿನಿಂದ ಹುಟ್ಟಿದವರು. ಇವು ಶಬ್ದಶಾಸ್ತ್ರಕ್ಕೆ ನಿಲ್ಲುವಂಥವಲ್ಲ. ಆದರೂ ಪರದೇಶದ ಜನಕ್ಕೆ ನಮ್ಮ ವಂಶಾವಳಿಯಲ್ಲೇ ಒಂದು ಎಡೆ ಮಾಡಿಕೊಟ್ಟ ಆ ಔದಾರ್ಯವನ್ನು ಗಮನಿಸಬೇಕು.

ಆ ಎಡೆ ಕಥೆಯಲ್ಲಿ ಮಾತ್ರ ಉಳಿಯಲಿಲ್ಲ. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ತಕ್ಷಶಿಲೆಯ ಯವನದೂತ ಹೆಲಿಯೊಡೋರಸ್ ಬೆಸನಗರದಲ್ಲಿ ವಾಸುದೇವನಿಗೆ ಗರುಡಗಂಬ ನೆಡಿಸಿ, ತನ್ನನ್ನು ಭಾಗವತನೆಂದು ಕರೆದುಕೊಂಡ. ಕಾರ್ಲೆಯ ಬೌದ್ಧ ಗುಹೆಯಲ್ಲಿ ಯವನರು ದಾನವಿತ್ತ ಕಂಬಗಳಿವೆ. ಯವನರು ಮ್ಲೇಚ್ಛರಾದರೂ ಜ್ಯೋತಿಷವನ್ನು ಬಲ್ಲುದರಿಂದ ಋಷಿಗಳಂತೆ ಪೂಜ್ಯರೆಂಬ ಮಾತನ್ನು ವರಾಹಮಿಹಿರ ಬರೆದಿಟ್ಟಿದ್ದಾನೆ.

ಕಾಲಾಂತರದಲ್ಲಿ ಗ್ರೀಕರು ಮರೆಯಾದರು, ಹೆಸರು ಉಳಿಯಿತು. ಪಶ್ಚಿಮದಿಂದ ಬಂದ ಅರಬರಿಗೂ ತುರ್ಕರಿಗೂ ಅದೇ ಅಂಟಿಕೊಂಡಿತು. ಆಗಲೂ ಅದು ಬರಿಯ ಬೈಗುಳವಾಗಿರಲಿಲ್ಲ. ನಮ್ಮ ಕೃಷ್ಣದೇವರಾಯನ ಬಿರುದುಗಳಲ್ಲಿ ‘ಯವನರಾಜ್ಯ ಸ್ಥಾಪನಾಚಾರ್ಯ’ ಎಂಬುದೂ ಒಂದು. ಯವನರ ರಾಜ್ಯವನ್ನು ಸ್ಥಾಪಿಸಿಕೊಟ್ಟೆನೆಂಬುದು ವಿಜಯನಗರದ ಅರಸನಿಗೆ ಹೆಮ್ಮೆಯ ಮಾತಾಗಿತ್ತು!

ಇಂದು ಕೆಲವರು ಈ ಶಬ್ದವನ್ನು ಹಗೆಯ ಗುರುತಾಗಿ ಬಳಸುತ್ತಾರೆ. ಒಂದೇ ಬೆಂಚಿನಲ್ಲಿ ಕುಳಿತು ಓದುವ, ತಲೆಮಾರುಗಳಿಂದ ಈ ನೆಲದಲ್ಲೇ ಉತ್ತು ಬಿತ್ತಿದವರ ಮಗನನ್ನು ಎಲ್ಲಿಯದೋ ಅಯೋನಿಯಾದ ಹೆಸರಿನಿಂದ ಕರೆಯುವುದು ಚರಿತ್ರೆಗೂ ಅಪಚಾರ, ಸ್ನೇಹಕ್ಕೂ ಅಪಚಾರ. ಹಳೆಯ ಗ್ರಂಥಗಳನ್ನು ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಓದುವಾಗ ಇದು ಯಾವ ಕಾಲದ ಯವನ ಎಂದು ಕೇಳಿಕೊಳ್ಳೋಣ. ಬರೆಯುವಾಗ ಗ್ರೀಕನನ್ನು ಗ್ರೀಕನೆಂದೂ ತುರ್ಕನನ್ನು ತುರ್ಕನೆಂದೂ ಬರೆಯೋಣ. ನೆರೆಯವನಿಗಂತೂ ಅವನ ತಾಯಿತಂದೆ ಇಟ್ಟ ಹೆಸರಿದ್ದೇ ಇದೆ.