ಸಹಿ ಹಾಕುವ ಮುಂಚೆ ಕೆಲಸಗಾರರನ್ನೂ ಕೇಳಿ

ಕೆಮಿಕಲ್ ಎಂಜಿನಿಯರಿಂಗ್ ಓದುವ ನಮ್ಮಲ್ಲಿ ಬಹಳ ಜನ ಟೆಕ್ಸಸ್ ಸಿಟಿ ರಿಫೈನರಿ ಸ್ಫೋಟದ ಅನಿಮೇಷನ್ ವಿಡಿಯೋ ನೋಡಿರ್ತೀವಿ. 2005ರ ಮಾರ್ಚ್ 23. ಟವರ್‌ನಲ್ಲಿ ಮಿತಿಮೀರಿ ತುಂಬಿದ ದ್ರವ ಬ್ಲೋಡೌನ್ ಡ್ರಮ್ಮಿನಿಂದ ಉಕ್ಕಿ ಹೊತ್ತಿಕೊಂಡಿತು. ಸುಮಾರು 180 ಜನರಿಗೆ ಗಾಯ, 15 ಜನರ ಸಾವು. ಸತ್ತವರೆಲ್ಲ ಪಕ್ಕದ ಟ್ರೈಲರ್‌ಗಳಲ್ಲಿ, ಅವುಗಳ ಆಸುಪಾಸಿನಲ್ಲಿ ಇದ್ದ ಗುತ್ತಿಗೆ ಕೆಲಸಗಾರರು. ಲೆವೆಲ್ ಇಂಡಿಕೇಟರ್ ಯಾಕೆ ತಪ್ಪು ತೋರಿಸಿತು ಅಂತ ಪರೀಕ್ಷೆಯಲ್ಲಿ ಬರೀತೀವಿ. ಆಮೇಲೆ ಏನಾಯ್ತು ಅನ್ನೋದು ಸಿಲಬಸ್‌ನಲ್ಲಿಲ್ಲ.

ಆಗಿದ್ದು ರಾಜಿ. ಅದೇ ಸೆಪ್ಟೆಂಬರ್‌ನಲ್ಲಿ ಬಿಪಿ ಕಂಪನಿ ಮತ್ತು ಸರ್ಕಾರದ ಸುರಕ್ಷತಾ ಇಲಾಖೆ ಓಶಾ, 2.1 ಕೋಟಿ ಡಾಲರ್ ದಂಡಕ್ಕೂ ಒಂದಷ್ಟು ದುರಸ್ತಿಗಳಿಗೂ ಒಪ್ಪಿಕೊಂಡವು. 2009ರಲ್ಲಿ ಮತ್ತೆ ತಪಾಸಣೆಗೆ ಹೋದ ಓಶಾ, ಒಪ್ಪಿದ ಎಷ್ಟೋ ಕೆಲಸ ಆಗೇ ಇಲ್ಲ ಎಂದು 270 ನೋಟಿಸ್ ಕೊಟ್ಟಿತು. ಮರುವರ್ಷ ಇನ್ನೊಂದು ರಾಜಿ, 5 ಕೋಟಿ ಡಾಲರ್ ದಂಡ.

ಇಂಥ ರಾಜಿ ಸಾಲದು ಅನ್ನಿಸಿದರೆ ಯೂನಿಯನ್ ಏನು ಮಾಡಬಹುದು? ಹೆಚ್ಚೇನಿಲ್ಲ. 1970ರ ಕಾನೂನಿನ ಪ್ರಕಾರ ಕಂಪನಿ ಆರೋಪವನ್ನೂ ಪ್ರಶ್ನಿಸಬಹುದು, ದಂಡವನ್ನೂ ಪ್ರಶ್ನಿಸಬಹುದು. ಕೆಲಸಗಾರರು ಪ್ರಶ್ನಿಸಬಹುದಾದದ್ದು ಒಂದೇ: ದುರಸ್ತಿಗೆ ಕೊಟ್ಟ ಗಡುವು ತೀರಾ ಉದ್ದವಾಯ್ತಾ ಅಂತ. ಅದೂ 15 ಕೆಲಸದ ದಿನಗಳೊಳಗೆ. ಕಯಹೋಗಾ ವ್ಯಾಲಿ ರೈಲ್ವೆ ಪ್ರಕರಣದಲ್ಲಂತೂ ಇಲಾಖೆ ಆರೋಪವನ್ನೇ ವಾಪಸ್ ತಗೊಂಡಿತು. ಯೂನಿಯನ್ ಬೇಡ ಅಂತು. ವಾಪಸ್ ತಗೊಳ್ಳೋದು ಇಲಾಖೆಯ ಇಷ್ಟ, ಅದನ್ನು ಯಾರೂ ಪರಿಶೀಲಿಸುವಂತಿಲ್ಲ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. (ಭೋಪಾಲದ 47 ಕೋಟಿ ಡಾಲರ್ ರಾಜಿಯೂ ಸಂತ್ರಸ್ತರನ್ನು ಕೇಳದೆಯೇ ಆದದ್ದು. ನಮಗಿದು ಹೊಸ ಕಥೆಯಲ್ಲ.)

ರಾಜಿಯೇ ಬೇಡ ಅಂತ ನಾವು ಹೇಳ್ತಿಲ್ಲ. ಕೇಸು ನಡೆಯುತ್ತಿರುವಷ್ಟು ಕಾಲ ದುರಸ್ತಿಯ ಗಡುವು ಶುರುವೇ ಆಗೋದಿಲ್ಲ. ಬೇಗ ಮುಗಿದರೆ ಕೆಲಸಗಾರರಿಗೂ ಲಾಭವೇ. ಯೂನಿಯನ್‌ಗೆ ವೀಟೋ ಕೊಟ್ಟರೆ ವರ್ಷಗಟ್ಟಲೆ ಎಳೆಯಬಹುದು ಅನ್ನೋ ಭಯವನ್ನೂ ಒಪ್ತೀವಿ. ಆದರೆ ಆಕ್ಷೇಪ ಹೇಳುವ ಹಕ್ಕು ವೀಟೋ ಅಲ್ಲ. ಸಹಿಗೆ ಮುಂಚೆ ಕರಡು ತೋರಿಸಿ, ಅವರ ಆಕ್ಷೇಪ ಕೇಳಿ, ಒಪ್ಪದಿದ್ದರೆ ಕಾರಣ ಬರೆದು ಕೊಡಿ. ಹೆಚ್ಚುಕಮ್ಮಿ ಇಂಥದ್ದೇ ಅವಕಾಶವಿರುವ ಮಸೂದೆ ಅಮೆರಿಕದ ಕಾಂಗ್ರೆಸ್ಸಿಗೆ ಹಲವು ಸಲ ಬಂದಿದೆ, ಪಾಸಾಗಿಲ್ಲ.

ಓದು ಮುಗಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ಕೂರೋದು ಕಂಪನಿಯ ಕಡೆಯ ಕುರ್ಚಿಯಲ್ಲಿ. ಆ ದುರಸ್ತಿ ಪಟ್ಟಿ ಬರೆಯುವವರೂ ನಾವೇ. ಯಾವ ಅಲಾರಂ ಕೆಟ್ಟಿದೆ, ಯಾವ ವಾಲ್ವ್ ಬಿಗಿದುಕೊಂಡಿದೆ ಅಂತ ನಮಗಿಂತ ಚೆನ್ನಾಗಿ ನೈಟ್ ಶಿಫ್ಟಿನ ಆಪರೇಟರ್‌ಗೆ ಗೊತ್ತಿರುತ್ತೆ. ಪಟ್ಟಿಯನ್ನು ವಕೀಲರಿಗೆ ಕಳಿಸುವ ಮುಂಚೆ ಅವರ ಹತ್ತಿರ ಒಂದು ಸಲ ಓದಿಸೋಕೆ ಯಾವ ಕಾನೂನೂ ಅಡ್ಡ ಬರೋಲ್ಲ.