ಬಿಳಿ ಉಡುಪಿನ ಆ ಹುಡುಗಿ

ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವ ತನಕ ಮನೆಯೊಳಗೆ ಎಷ್ಟು ಸಲ ನಡೆದಾಡುತ್ತೀರೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಅಡುಗೆ ಮನೆಯಿಂದ ಚಾವಡಿಗೆ, ಚಾವಡಿಯಿಂದ ಮಕ್ಕಳ ಕೋಣೆಗೆ, ಅಲ್ಲಿಂದ ಬಟ್ಟೆ ಒಣಗಿಸುವ ಅಂಗಳಕ್ಕೆ. ಸಂಜೆ ಯಾರಾದರೂ "ಇವತ್ತು ಏನು ಮಾಡಿದೆ?" ಎಂದು ಕೇಳಿದರೆ ಮಾತ್ರ "ಏನಿಲ್ಲ, ಮನೆಯಲ್ಲೇ ಇದ್ದೆ" ಎಂದುಬಿಡುತ್ತೀರಿ. ಆ 'ಏನಿಲ್ಲ'ವನ್ನೇ ಚಿತ್ರವಾಗಿ ಬರೆದ ಹೆಣ್ಣುಮಗಳೊಬ್ಬಳ ವಿಷಯವನ್ನು ಈ ತಿಂಗಳು ನಿಮಗೆ ಹೇಳಬೇಕೆನಿಸಿತು.

ಶಾಝಿಯಾ ಸಿಕಂದರ್ ಹುಟ್ಟಿದ್ದು 1969ರಲ್ಲಿ, ಪಾಕಿಸ್ತಾನದ ಲಾಹೋರಿನಲ್ಲಿ. 1980ರ ದಶಕದ ಕೊನೆಗೆ ಅಲ್ಲಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಆಕೆ ಕಲಿಯಲು ಆರಿಸಿಕೊಂಡದ್ದು ಮಿನಿಯೇಚರ್, ಅಂದರೆ ಚಿಕಣಿ ಚಿತ್ರಕಲೆಯನ್ನು. ಪುಸ್ತಕದ ಪುಟದಷ್ಟು ಜಾಗದಲ್ಲಿ ದರ್ಬಾರು, ಬೇಟೆ, ಯುದ್ಧ, ಉದ್ಯಾನಗಳನ್ನು ಕೂದಲೆಳೆಯಂಥ ಗೆರೆಗಳಲ್ಲಿ ಬಿಡಿಸುವ ಕಲೆಯದು. ಇರಾನಿನಲ್ಲಿ ಬೆಳೆದು ಮೊಗಲರ ಆಸ್ಥಾನದಲ್ಲಿ ಅರಳಿದ ಈ ಕಲೆ ನಮಗೂ ಅಪರಿಚಿತವಲ್ಲ. ನಮ್ಮ ವಿಜಯಪುರದ ಎರಡನೇ ಇಬ್ರಾಹೀಮ್ ಆದಿಲ್ ಶಾಹನ ಆಶ್ರಯದಲ್ಲೂ ಅದು ಬೆಳೆದಿತ್ತು.

ಆದರೆ ಆಗಿನ ಲಾಹೋರಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಅದರ ಮೇಲೆ ಗೌರವವಿರಲಿಲ್ಲ. ಹಳೆಯ ಚಿತ್ರಗಳನ್ನು ನಕಲು ಮಾಡಿ ಪ್ರವಾಸಿಗರಿಗೆ ಮಾರುವ ಕಸುಬು ಎಂದೇ ಅವರ ಭಾವನೆ. ಶಾಝಿಯಾ ಮಾತ್ರ ಬಶೀರ್ ಅಹ್ಮದ್ ಎಂಬ ಗುರುವಿನ ಬಳಿ ನೆಲದ ಮೇಲೆ ಕುಳಿತು ಕಲಿತರು. ತೆಳು ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿ, ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ 'ವಸ್ಲಿ' ತಯಾರಿಸಬೇಕು. ಚಹಾದ ನೀರು ಸವರಿ ಅದಕ್ಕೆ ಹಳತಿನ ಬಣ್ಣ ತರಬೇಕು. ಅಳಿಲಿನ ಬಾಲದ ಕೂದಲಿನಿಂದ ಕುಂಚ ಕಟ್ಟಬೇಕು. ಬಳಿಕ ಚುಕ್ಕೆಯಷ್ಟೇ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯುತ್ತಾ ಹೋಗಬೇಕು. ಅಂಗೈಯಗಲದ ಚಿತ್ರಕ್ಕೂ ಎಷ್ಟೋ ದಿನಗಳು ಬೇಕು. ಕಸೂತಿ ಹಾಕಿ ಗೊತ್ತಿರುವ ನಿಮಗೆ ಆ ತಾಳ್ಮೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಇಷ್ಟು ಕಲಿತ ಮೇಲೆ ಆಕೆ ಬರೆದದ್ದು ರಾಜನನ್ನಲ್ಲ, ಒಂದು ಮನೆಯನ್ನು! 1989-90ರ ಆ ಚಿತ್ರದ ಹೆಸರು 'ದಿ ಸ್ಕ್ರೋಲ್'. ಪುಸ್ತಕದ ಪುಟವನ್ನು ಬಿಟ್ಟು, ಐದು ಅಡಿಗೂ ಉದ್ದದ ಸುರುಳಿಯಂಥ ಚಿತ್ರ ಅದು. ಗೋಡೆ, ಮೆಟ್ಟಿಲು, ಅಂಗಳಗಳನ್ನು ಜೋಡಿಸಿದ ಬಗೆ ಹಳೆಯ ಇರಾನಿ ಚಿತ್ರಗಳದ್ದು. ಒಳಗಿರುವ ಬದುಕು ಮಾತ್ರ ಈ ಕಾಲದ್ದು. ಬಿಳಿ ಉಡುಪಿನ ಹುಡುಗಿಯೊಬ್ಬಳು ಕೋಣೆಯಿಂದ ಕೋಣೆಗೆ ಹೋಗುತ್ತಲೇ ಇರುತ್ತಾಳೆ. ಎಲ್ಲ ಕಡೆಯೂ ಅವಳಿದ್ದಾಳೆ. ಆದರೆ ನೆರಳಿನಂತೆ, ನಮಗೆ ಬೆನ್ನು ಹಾಕಿ. ಚಿತ್ರದ ಕೊನೆಯಲ್ಲಿ ಅವಳು ನಿಂತು ಚಿತ್ರ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಒಬ್ಬ ಹೆಣ್ಣಿನ ಚಿತ್ರವನ್ನು, ತನ್ನದೇ ಚಿತ್ರವನ್ನು.

ಕಾಗದ, ಕುಂಚ, ತಾಳ್ಮೆ ಯಾವುದನ್ನೂ ಆಕೆ ಬಿಡಲಿಲ್ಲ. ಬಾದಶಾಹರ ಸಿಂಹಾಸನಕ್ಕೆ ಮೀಸಲಾಗಿದ್ದ ಶ್ರದ್ಧೆಯನ್ನು ಒಬ್ಬ ಹುಡುಗಿಯ ಸಾಮಾನ್ಯ ದಿನಕ್ಕೆ ಕೊಟ್ಟರು, ಅಷ್ಟೆ. ಅಷ್ಟರಿಂದಲೇ ಸತ್ತಿತೆಂದುಕೊಂಡಿದ್ದ ಕಲೆಗೆ ಹೊಸ ಉಸಿರು ಬಂತು. 1992ರಲ್ಲಿ ಅದೇ ಕಾಲೇಜಿನ ಮಿನಿಯೇಚರ್ ವಿಭಾಗದಲ್ಲಿ ಕಲಿಸಿದ ಮೊದಲ ಮಹಿಳೆಯಾದರು. ನಂತರ ಅಮೆರಿಕಕ್ಕೆ ಹೋದ ಅವರಿಗೆ 2006ರಲ್ಲಿ ಅಲ್ಲಿನ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. ಇಮ್ರಾನ್ ಖುರೇಶಿಯವರಂಥ ಕಲಾವಿದರೂ ಅದೇ ಕಾಲೇಜಿನಲ್ಲಿ ಮಿನಿಯೇಚರ್ ಕಲಿತು ಜಗತ್ತಿಗೆ ಪರಿಚಿತರಾದರು.

ಹಳತನ್ನು ಮುಟ್ಟದೆ ಕಪಾಟಿನಲ್ಲಿಟ್ಟರೆ ಅದು ಉಳಿಯುತ್ತದೆಂದು ನಾವು ತಿಳಿಯುತ್ತೇವೆ. ಬೇಡವೆನಿಸಿದರೆ ಅಟ್ಟಕ್ಕೆ ಎಸೆಯುತ್ತೇವೆ. ಅಜ್ಜಿಯ ಕೈಕೆಲಸಕ್ಕೂ ಆಗಿದ್ದು ಇದೇ ಅಲ್ಲವೇ? ಮೊದಲು ಚೆನ್ನಾಗಿ ಕಲಿತು, ಆಮೇಲೆ ಅದರಲ್ಲಿ ನಮ್ಮ ಮಾತನ್ನು ಹೇಳುವುದು ಮೂರನೆಯ ದಾರಿ. ಅದು ಕಷ್ಟದ್ದು.

ಇನ್ನೊಂದು ಪ್ರಶ್ನೆ ನಿಮಗೇ ಬಿಡುತ್ತೇನೆ. ನಿಮ್ಮ ಮನೆಯ ಒಂದು ದಿನವನ್ನು ಯಾರಾದರೂ ಹೀಗೆ ಬರೆದರೆ, ನಿಮ್ಮ ಮುಖ ಅದರಲ್ಲಿ ಕಂಡೀತೇ? ನಾಳೆ ಯಾರಾದರೂ "ಏನು ಮಾಡಿದೆ?" ಎಂದು ಕೇಳಿದಾಗ, 'ಏನಿಲ್ಲ' ಎನ್ನುವ ಮೊದಲು ಒಂದು ಕ್ಷಣ ಯೋಚಿಸಿ.