ಇನಿಷಿಯಲ್ ಎಂಬ ತವರು
ಮದುವೆಯಾಗಿ ಮೂರೇ ವಾರ. ಅತ್ತೆ ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆಯೆಂದು ತಿಳಿಯುವ ಮೊದಲೇ ನನ್ನ ಇನಿಷಿಯಲ್ ತೀರ್ಮಾನವಾಗಿತ್ತು. ನಮ್ಮ ಹಳೇ ಮೈಸೂರು ಕಡೆ ಸರ್‌ನೇಮ್ ಅಪರೂಪ. ಹೆಸರಿನ ಜೊತೆ ಊರಿನದೊಂದು, ಅಪ್ಪನದೊಂದು ಅಕ್ಷರ, ಅಷ್ಟೇ. ಮದುವೆಯಾದ ಮೇಲೆ ಅಪ್ಪನ ಅಕ್ಷರವನ್ನು ಗಂಡನದಕ್ಕೆ ಬದಲಿಸಲೇಬೇಕೆಂಬ ಕಾನೂನೇನೂ ಇಲ್ಲ. ಆದರೂ ಅತ್ತೆಯವರು, "ರೇಷನ್ ಕಾರ್ಡಿಗೆ ಸೇರಿಸೋವಾಗ ಒಂದೇ ಸಲ ಮಾಡಿಸಿಬಿಡಮ್ಮ" ಎಂದರು. ಆಧಾರ್‌ನಲ್ಲಿ ಹೆಸರು ತಿದ್ದಲು ಇರುವುದೇ 2 ಅವಕಾಶ. ಒಂದು ಹೀಗೆ ಖರ್ಚಾಯಿತು. ಪ್ಯಾನ್, ಮಾರ್ಕ್ಸ್‌ಕಾರ್ಡು ಅಪ್ಪನ ಕಡೆಯೇ ಉಳಿದವು. ಬ್ಯಾಂಕಿನ ಕೌಂಟರಿನಲ್ಲಿ, "ಇಬ್ಬರಲ್ಲಿ ನೀವ್ಯಾರು ಮೇಡಂ?" ಎಂದು ಕೇಳಿದಾಗ ನಗು ಬಂತು, ಸ್ವಲ್ಪ ಸಿಟ್ಟೂ. ಚಲನ್ನಿಗೆ ಸಹಿ ಹಾಕಿದೆ. ಕೈ ಹಳೆಯ ಅಕ್ಷರವನ್ನೇ ಬರೆದಿತ್ತು. ಪಕ್ಕದಲ್ಲಿ ಯಜಮಾನರು ಮೊಬೈಲ್ ನೋಡುತ್ತಾ ನಿಂತಿದ್ದರು. ಅವರದು ಇನ್ನೂ ಹೈಸ್ಕೂಲಿನ ಸಹಿಯೇ.